ಇಲಿಗೆ ಉಡುಗೊರೆ ಕೊಡುವವರು ಯಾರು? ‘ಗಿಫ್ಟ್’ ಪದದ ಮೂರು ಹಾದಿ

ಜರ್ಮನಿಯ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ನನ್ನ ಅಕ್ಕನ ಮಗಳು ತಾನು ಬಾಡಿಗೆಗಿರುವ ಕಟ್ಟಡದ ನೆಲಮಾಳಿಗೆಯ ಫೋಟೊವೊಂದನ್ನು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದ್ದಳು. ಸೈಕಲ್ ನಿಲ್ಲಿಸುವ ಜಾಗದ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಒಂದು ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಮೇಲೆ ಹಳದಿ ಚೀಟಿ, ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ‘ರಾಟನ್‌ಗಿಫ್ಟ್’ ಎಂದಿತ್ತು. ಪುತ್ತೂರಿನ ಬಳಿ ಅಡಿಕೆ ತೋಟ ನೋಡಿಕೊಂಡಿರುವ ಅಕ್ಕ ಅದನ್ನು ಓದಿ, ‘ರಾಟ್ ಅಂದರೆ ಇಲಿ, ಗಿಫ್ಟ್ ಅಂದರೆ ಉಡುಗೊರೆ. ಆ ಊರಿನಲ್ಲಿ ಇಲಿಗೂ ಉಡುಗೊರೆ ಕೊಡುತ್ತಾರೆಯೇ?’ ಎಂದು ಬರೆದಳು. ಮಗಳ ಉತ್ತರ ಕೂಡಲೇ ಬಂತು: ‘ಅಲ್ಲಮ್ಮ, ಅದು ಇಲಿ ಪಾಷಾಣ. ಜರ್ಮನ್‌ನಲ್ಲಿ ಗಿಫ್ಟ್ ಅಂದರೆ ವಿಷ.’

ಅಕ್ಕನ ಗೊಂದಲ ಈಗ ಅವಳೊಬ್ಬಳದೇ ಅಲ್ಲ. ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳ ಸಂಖ್ಯೆಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ 2024ರ ಅಕ್ಟೋಬರ್‌ನಲ್ಲಿ ಘೋಷಿಸಿತು. ನಮ್ಮ ಊರುಗಳಿಂದ ದಾದಿಯರು, ಎಂಜಿನಿಯರುಗಳು, ಓದುವ ಮಕ್ಕಳು ಹೋಗುತ್ತಲೇ ಇದ್ದಾರೆ. ಅವರೊಂದಿಗೆ ಜರ್ಮನ್, ಡಚ್, ಸ್ವೀಡಿಷ್ ಪದಗಳು ನಮ್ಮ ಮನೆಗಳ ಮಾತುಕತೆಗೂ ಬಂದು ಸೇರುತ್ತಿವೆ. ಇಂಗ್ಲಿಷ್ ಗೊತ್ತಿದ್ದವರು ಯುರೋಪಿನಲ್ಲಿ ಮೊದಲು ಎಡವುವ ಪದಗಳಲ್ಲಿ ‘ಗಿಫ್ಟ್’ ಒಂದು. ಅದರ ಕತೆಯನ್ನು ಬಿಡಿಸಿ ನೋಡಿದರೆ, ಅರ್ಥ ಎಲ್ಲೂ ಕೆಟ್ಟಿಲ್ಲ ಎಂಬುದು ಗೊತ್ತಾಗುತ್ತದೆ. ಒಂದೇ ಬೇರು, ಮೂರು ಕಡೆ ಟಿಸಿಲೊಡೆದಿದೆ.

ಯಾವ ಭಾಷೆಯಲ್ಲಿ ಏನರ್ಥ?

ಇಂಗ್ಲಿಷಿನಲ್ಲಿ ಗಿಫ್ಟ್ ಎಂದರೆ ಉಡುಗೊರೆ. ಹುಟ್ಟುಹಬ್ಬದ ‘ರಿಟರ್ನ್ ಗಿಫ್ಟ್’ನಿಂದ ಹಿಡಿದು ಉಪನೋಂದಣಾಧಿಕಾರಿ ಕಚೇರಿಯ ‘ಗಿಫ್ಟ್ ಡೀಡ್’ವರೆಗೆ ಕನ್ನಡಿಗರು ಬಲ್ಲದ್ದು ಈ ಅರ್ಥವನ್ನೇ.

ಜರ್ಮನ್‌ನಲ್ಲಿ ಅದೇ ನಾಲ್ಕು ಅಕ್ಷರಗಳಿಗೆ ವಿಷ ಎಂದು ಅರ್ಥ. ವಿಷದ ಅಣಬೆ ‘ಗಿಫ್ಟ್‌ಪಿಲ್ಜ್’, ವಿಷದ ಹಾವು ‘ಗಿಫ್ಟ್‌ಶ್ಲಾಂಗೆ’.

ಸ್ವೀಡಿಷ್, ನಾರ್ವೀಜಿಯನ್, ಡ್ಯಾನಿಷ್ ಭಾಷೆಗಳಲ್ಲಿ ಈ ಪದಕ್ಕೆ ಎರಡು ಅರ್ಥಗಳಿವೆ. ವಿಷ ಎಂಬುದು ಒಂದು, ಮದುವೆಯಾದವರು ಎಂಬುದು ಇನ್ನೊಂದು. ನಾರ್ವೆಯಲ್ಲಿ ಸರ್ಕಾರಿ ಅರ್ಜಿ ತುಂಬುವಾಗ ವೈವಾಹಿಕ ಸ್ಥಿತಿ ಕೇಳುವ ಕಡೆ ‘ಗಿಫ್ಟ್’, ‘ಉಗಿಫ್ಟ್’ ಎಂದು ಬರೆದಿರುತ್ತದೆ. ವಿವಾಹಿತ, ಅವಿವಾಹಿತ ಎಂದು ಅದರ ಅರ್ಥ. ಓದುವಾಗ ಮಾತ್ರ ಸ್ವೀಡನ್ ಮತ್ತು ನಾರ್ವೆಯವರು ಅದನ್ನು ‘ಯಿಫ್ಟ್’ ಎನ್ನುತ್ತಾರೆ. ಈ ಯಕಾರ ಮುಂದೆ ನಮಗೆ ಬೇಕಾಗುತ್ತದೆ.

ಡಚ್ ಭಾಷೆ ಎರಡು ಅರ್ಥಗಳನ್ನು ಬೇರೆ ಮಾಡಿ ಇಟ್ಟುಕೊಂಡಿದೆ. ‘ಗಿಫ್ಟ್’ ಎಂದರೆ ದಾನ, ದೇಣಿಗೆ. ಆದಾಯ ತೆರಿಗೆಯ ಲೆಕ್ಕದಲ್ಲಿ ದೇಣಿಗೆಗೆ ಬಳಸುವ ಪದವೇ ಅದು. ಕೊನೆಯ ಟಕಾರ ಬಿಟ್ಟು ‘ಗಿಫ್’ ಎಂದರೆ ವಿಷ. ಆದರೆ ‘ವಿಷಯುಕ್ತ’ ಎನ್ನುವಾಗ ಆ ಟಕಾರ ಹಿಂದಿರುಗಿ ‘ಗಿಫ್ಟಿಗ್’ ಆಗುತ್ತದೆ. ಇನ್ನು ಐಸ್‌ಲ್ಯಾಂಡ್‌ನಲ್ಲಿ ಮದುವೆಯ ಅರ್ಥ ಇದೆ, ವಿಷದ ಅರ್ಥ ಇಲ್ಲ. ಅಲ್ಲಿ ವಿಷಕ್ಕೆ ‘ಎಯ್ತುರ್’ ಎಂಬ ಬೇರೆಯೇ ಹಳೆಯ ಪದ ಉಳಿದುಕೊಂಡಿದೆ.

ಬೇರು ಒಂದೇ: ಕೊಡು

ಈ ಎಲ್ಲ ಭಾಷೆಗಳೂ ಜರ್ಮನಿಕ್ ಎಂಬ ಒಂದೇ ಕುಟುಂಬದವು. ನಮ್ಮ ಕನ್ನಡ, ತಮಿಳು, ತುಳು ದ್ರಾವಿಡ ಕುಟುಂಬದ ಅಕ್ಕತಂಗಿಯರಾಗಿರುವ ಹಾಗೆಯೇ. ಎಲ್ಲದರಲ್ಲೂ ‘ಕೊಡು’ ಎಂಬ ಕ್ರಿಯಾಪದ ಒಂದೇ ಮೂಲದಿಂದ ಬಂದಿದೆ: ಇಂಗ್ಲಿಷಿನಲ್ಲಿ ಗಿವ್, ಜರ್ಮನ್‌ನಲ್ಲಿ ಗೇಬನ್. ಕ್ರಿಯಾಪದದ ತುದಿಗೆ ಟಕಾರ ಹಚ್ಚಿ ನಾಮಪದ ಮಾಡುವುದು ಆ ಕುಟುಂಬದ ಹಳೆಯ ಪದ್ಧತಿ. ಇಂಗ್ಲಿಷಿನ ಡ್ರೈವ್‌ನಿಂದ ಡ್ರಿಫ್ಟ್, ಥ್ರೈವ್‌ನಿಂದ ಥ್ರಿಫ್ಟ್ ಆದದ್ದು ಹೀಗೆಯೇ. ಕನ್ನಡದಲ್ಲಿ ‘ಗೆ’ ಸೇರಿಸಿ ಉಡುವಿನಿಂದ ಉಡುಗೆ, ತೊಡುವಿನಿಂದ ತೊಡುಗೆ ಮಾಡಿದಂತೆ. ಆದ್ದರಿಂದ ಗಿಫ್ಟ್ ಪದದ ಮೂಲ ಅರ್ಥಕ್ಕೆ ಕನ್ನಡದಲ್ಲಿ ನೇರವಾದ ಪದವೇ ಇದೆ: ಕೊಡುಗೆ. ಕೊಟ್ಟದ್ದು, ಕೊಡುವುದು.

ಕೊಟ್ಟದ್ದು ಏನು, ಯಾರಿಗೆ ಎನ್ನುವುದು ಆ ಪದದಲ್ಲಿ ಇಲ್ಲ. ಹೆಣ್ಣು ಕೊಡಬಹುದು, ಹಣ ಕೊಡಬಹುದು, ಔಷಧ ಕೊಡಬಹುದು. ಒಂದೊಂದು ಭಾಷೆಯೂ ಆ ಖಾಲಿ ಜಾಗವನ್ನು ತನ್ನ ಬದುಕಿಗೆ ಒಪ್ಪುವಂತೆ ತುಂಬಿಕೊಂಡಿತು.

ಮದುವೆ ಬಂದದ್ದು ಹೇಗೆ?

ಕನ್ನಡಿಗರಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಕಡಿಮೆ. ‘ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ?’ ಎಂದು ಕೇಳಿದರೆ ಅದು ಮದುವೆಯ ಮಾತೇ ಎಂದು ನಮಗೆ ತಿಳಿಯುತ್ತದೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯಲ್ಲೂ ಮದುವೆ ಎಂಬ ಪದವೇ ಇಲ್ಲ, ‘ಕೊಟ್ಟ’ ಎಂಬುದೇ ಸಾಕಾಗಿದೆ. ಸ್ವೀಡಿಷ್‌ನ ಗಿಫ್ಟ್ ಕೂಡ ಹೀಗೆಯೇ ಹುಟ್ಟಿದ ರೂಪ. ‘ಯಿಫ್ಟಾ’ ಎಂದರೆ ಮದುವೆ ಮಾಡಿಕೊಡು. ಅದರಿಂದ ಬಂದ ‘ಯಿಫ್ಟ್’ ಎಂದರೆ ಕೊಡಲ್ಪಟ್ಟವಳು.

ಕೊಡುವವರು ಯಾರು ಎಂಬುದನ್ನು ಸ್ವೀಡನ್ನಿನ ಹಳೆಯ ಕಾನೂನು ಸ್ಪಷ್ಟವಾಗಿ ಹೇಳುತ್ತಿತ್ತು. ಹೆಣ್ಣನ್ನು ಮದುವೆ ಮಾಡಿಕೊಡುವ ಅಧಿಕಾರವಿದ್ದ ಗಂಡಸಿಗೆ, ಸಾಮಾನ್ಯವಾಗಿ ತಂದೆಗೆ, ‘ಯಿಫ್ಟೋಮಾನ್’ ಎಂಬ ಹೆಸರಿತ್ತು. 1734ರ ಕಾನೂನು ಸಂಹಿತೆಯ ಮೊದಲ ಭಾಗವೇ ವಿವಾಹದ್ದು. ಆ ಹೆಸರು ಈಗ ಚರಿತ್ರೆಗೆ ಸೇರಿದೆ. ಇಂದು ಸ್ವೀಡನ್ನಿನ ಹೆಣ್ಣು ಗಂಡು ಇಬ್ಬರೂ ‘ಯಿಫ್ಟಾ ಸೇಯ್’ ಎನ್ನುತ್ತಾರೆ. ಪದಕ್ಕೆ ಪದ ಇಟ್ಟರೆ ‘ತನ್ನನ್ನು ತಾನೇ ಕೊಟ್ಟುಕೊಳ್ಳುವುದು’. ಪದ ಹಳೆಯದೇ ಉಳಿದಿದೆ, ಕೊಡುವ ಕೈ ಮಾತ್ರ ಬದಲಾಗಿದೆ. ಭಾಷೆಯೊಂದು ಬದಲಾದ ಬದುಕನ್ನು ಇಷ್ಟು ಚಿಕ್ಕ ಜಾಗದಲ್ಲಿ ಹಿಡಿದಿಟ್ಟುಕೊಂಡಿರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ.

ಹಳೆಯ ಇಂಗ್ಲಿಷಿನಲ್ಲೂ ಈ ಪದ ಉಡುಗೊರೆಯದಾಗಿರಲಿಲ್ಲ. ಅಲ್ಲಿ ಅದಕ್ಕೆ ತೆರ ಎಂಬ ಅರ್ಥವಿತ್ತು, ಅಂದರೆ ಹೆಣ್ಣಿಗಾಗಿ ಗಂಡಿನ ಕಡೆಯವರು ಕೊಡುವ ಹಣ. ಬಹುವಚನದಲ್ಲಿ ಮದುವೆ ಎಂದೇ ಅರ್ಥ. ಏಳನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಹಳೆಯ ರಾಜ್ಯಗಳಲ್ಲೊಂದಾದ ವೆಸೆಕ್ಸ್‌ನ ರಾಜ ಇನೆ ಮಾಡಿಸಿದ ಕಟ್ಟಳೆಗಳಲ್ಲಿ, ತೆರ ಕೊಟ್ಟ ಮೇಲೆ ಮದುವೆ ನಡೆಯದಿದ್ದರೆ ಏನು ಮಾಡಬೇಕು ಎಂದು ಹೇಳುವ ಕಡೆ ಈ ಪದ ಕಾಣಿಸಿಕೊಳ್ಳುತ್ತದೆ.

ಜರ್ಮನ್‌ನಲ್ಲೂ ಮದುವೆಯ ಒಂದು ಗುರುತು ಉಳಿದಿದೆ. ಮಗಳ ಜೊತೆಗೆ ತವರಿನವರು ಕೊಟ್ಟು ಕಳಿಸುವುದಕ್ಕೆ ಅಲ್ಲಿ ‘ಮಿಟ್‌ಗಿಫ್ಟ್’ ಎನ್ನುತ್ತಾರೆ. ಮಿಟ್ ಎಂದರೆ ಜೊತೆ, ಗಿಫ್ಟ್ ಎಂದರೆ ಕೊಟ್ಟದ್ದು. ನಮ್ಮ ‘ಬಳುವಳಿ’ಗೆ ಇದಕ್ಕಿಂತ ಹತ್ತಿರದ ಪದ ಸಿಗಲಾರದು. ಜರ್ಮನ್‌ನ ಗಿಫ್ಟ್‌ಗೆ ಹಿಂದೊಮ್ಮೆ ಕೊಡುಗೆ ಎಂಬ ಅರ್ಥವೇ ಇತ್ತು ಎನ್ನುವುದಕ್ಕೆ ಇಂದಿನ ಜರ್ಮನ್ನರ ಬಾಯಲ್ಲಿ ಉಳಿದಿರುವ ಸಾಕ್ಷಿ ಇದು.

ಕೊಡುಗೆ ವಿಷವಾದದ್ದು ಹೇಗೆ?

ಕತೆಯ ಕಠಿಣ ಭಾಗ ಇದು. ಇದಕ್ಕೆ ಗ್ರೀಸ್‌ವರೆಗೆ ಹೋಗಿ ಬರಬೇಕು.

ಗ್ರೀಕ್ ವೈದ್ಯರು ರೋಗಿಗೆ ಒಂದು ಸಲಕ್ಕೆ ಕೊಡುವ ಔಷಧಕ್ಕೆ ‘ಡೋಸಿಸ್’ ಎನ್ನುತ್ತಿದ್ದರು. ಅದರ ನೇರ ಅರ್ಥ ‘ಕೊಡುವುದು’. ನಾವು ಇಂದು ‘ಲಸಿಕೆಯ ಎರಡನೆಯ ಡೋಸ್’ ಎನ್ನುವಾಗ ಬಳಸುವುದು ಅದೇ ಪದ. ಗ್ರೀಕ್‌ನಿಂದ ಅದು ಲ್ಯಾಟಿನ್ ವೈದ್ಯಗ್ರಂಥಗಳಿಗೆ ಬಂತು. ಅದನ್ನು ಜರ್ಮನ್ ಮಾತಿಗೆ ತಂದವರು ಪದವನ್ನು ಹಾಗೆಯೇ ಎತ್ತಿಕೊಳ್ಳದೆ ಅರ್ಥವನ್ನು ಅನುವಾದಿಸಿದರು: ಕೊಡುವುದು, ಅಂದರೆ ಗಿಫ್ಟ್. ಬೇರೆ ಭಾಷೆಯ ಪದದ ಅರ್ಥವನ್ನು ನಮ್ಮ ಪದದಿಂದ ಹೊಸೆದುಕೊಳ್ಳುವ ಇಂಥ ಎರವಲು ಕನ್ನಡಕ್ಕೂ ಚೆನ್ನಾಗಿ ಗೊತ್ತು. ಶೀತಲ ಸಮರ, ಕಪ್ಪುಹಣ, ಶ್ವೇತಪತ್ರ ಇವೆಲ್ಲ ಹಾಗೆ ಆದವು.

ಹೀಗೆ ಗಿಫ್ಟ್ ಎಂದರೆ ವೈದ್ಯ ಕೊಟ್ಟದ್ದು ಎಂದಾಯಿತು. ಅಲ್ಲಿಂದ ವಿಷಕ್ಕೆ ಹೆಜ್ಜೆ ಎಷ್ಟು ದೂರ? ತುಂಬ ಹತ್ತಿರ. ಅದನ್ನು ತಿಳಿಯಲು ಅಕ್ಕನ ತೋಟಕ್ಕೇ ಬರಬಹುದು.

ಮಳೆಗಾಲ ಹಿಡಿಯುವ ಮುನ್ನ ಅಲ್ಲಿ ದೊಡ್ಡ ಪೀಪಾಯಿ ಇಟ್ಟುಕೊಂಡು ಬೋರ್ಡೋ ದ್ರಾವಣ ಮಾಡುತ್ತಾರೆ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ತಿಳಿನೀಲಿ ಬಣ್ಣಕ್ಕೆ ತಿರುಗಿದ ಆ ದ್ರಾವಣವನ್ನು ಮರ ಹತ್ತಿದವರು ಅಡಿಕೆ ಗೊನೆಗಳಿಗೆ ಸಿಂಪಡಿಸುತ್ತಾರೆ. ಕೊಳೆರೋಗ ಬಾರದಿರಲಿ ಎಂದು. ಕೆಳಗೆ ನಿಂತವರ ತಲೆಯ ಮೇಲೂ ನೀಲಿ ಹನಿಗಳು ಬೀಳುತ್ತವೆ. ಈ ಕೆಲಸಕ್ಕೆ ನಮ್ಮ ಕಡೆಯವರು ಹೇಳುವುದು ‘ಮದ್ದು ಬಿಡುವುದು’ ಎಂದು. ಅಡಿಕೆಗೆ ಅದು ಮದ್ದೇ. ಆದರೆ ‘ಮದ್ದು ಬಿದ್ದ ಹುಲ್ಲನ್ನು ದನಕ್ಕೆ ಹಾಕಬೇಡ’ ಎಂದು ಅಕ್ಕ ಎಚ್ಚರಿಸುವಾಗ ಅದೇ ಮದ್ದು ವಿಷ. ಬಯಲುಸೀಮೆಯಲ್ಲಿ ಹತ್ತಿಗೆ, ಮೆಣಸಿನಕಾಯಿಗೆ ಕೀಟನಾಶಕ ಸಿಂಪಡಿಸುವುದನ್ನು ‘ಔಷಧಿ ಹೊಡೆಯುವುದು’ ಎನ್ನುತ್ತಾರೆ. ‘ಔಷಧಿ ಕುಡಿದುಬಿಟ್ಟ’ ಎಂಬ ಸುದ್ದಿ ಹಳ್ಳಿಯಲ್ಲಿ ಕಿವಿಗೆ ಬಿದ್ದರೆ ಎದೆ ಝಲ್ಲೆನ್ನುತ್ತದೆ, ಏಕೆಂದರೆ ಅಲ್ಲಿ ಔಷಧಿ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಊಟದಲ್ಲಿ ಏನನ್ನೋ ಬೆರೆಸಿ ಕೊಟ್ಟಿದ್ದಾರೆ ಎಂಬ ನಂಬಿಕೆಯಲ್ಲಿ ‘ಮದ್ದು ಹಾಕಿದ್ದಾರೆ’ ಎನ್ನುವುದೂ ಇದೆ. ಮದ್ದು ಎಂಬ ಒಂದೇ ಪದ ಗುಣಪಡಿಸುವುದಕ್ಕೂ ಕೊಲ್ಲುವುದಕ್ಕೂ ಸಲ್ಲುತ್ತದೆ.

ಜರ್ಮನ್‌ನಲ್ಲಿ ನಡೆದದ್ದೂ ಇದೇ. ‘ಅವನಿಗೆ ಏನೋ ಕೊಟ್ಟರು’ ಎಂದರೆ ಸಾಕು, ಉಳಿದದ್ದು ಅರ್ಥವಾಗುತ್ತದೆ. ಭಯ ಹುಟ್ಟಿಸುವುದರ ಹೆಸರನ್ನು ನೇರವಾಗಿ ಹೇಳಲು ಮನುಷ್ಯರು ಎಲ್ಲೆಡೆಯೂ ಹಿಂಜರಿಯುತ್ತಾರೆ. ನಾವು ಹಾವು ಕಚ್ಚಿತು ಎನ್ನದೆ ಹುಳ ಮುಟ್ಟಿತು ಎನ್ನುತ್ತೇವೆ, ಸಿಡುಬನ್ನು ಅಮ್ಮ ಎನ್ನುತ್ತೇವೆ, ದೀಪ ಆರಿಸುವುದನ್ನು ದೊಡ್ಡದು ಮಾಡುವುದು ಎನ್ನುತ್ತೇವೆ. ಹಳೆಯ ಜರ್ಮನ್‌ನಲ್ಲಿ ವಿಷಕ್ಕೆ ‘ಐಟರ್’ ಎಂಬ ನೇರ ಪದವಿತ್ತು. ಐಸ್‌ಲ್ಯಾಂಡಿನ ‘ಎಯ್ತುರ್’ ಅದರ ಒಡಹುಟ್ಟು. ‘ಕೊಟ್ಟದ್ದು’ ಎಂಬ ಮರೆಮಾತು ಬಳಕೆಯಾಗುತ್ತಾ ಹೋದಂತೆ ನೇರ ಪದ ಹಿಂದೆ ಸರಿಯಿತು. ಇಂದಿನ ಜರ್ಮನ್‌ನಲ್ಲಿ ‘ಐಟರ್’ ಎಂದರೆ ಗಾಯದ ಕೀವು ಮಾತ್ರ. ಮರೆಮಾತಾಗಿ ಬಂದ ಗಿಫ್ಟ್ ಕಡೆಗೆ ವಿಷದ ನೇರ ಹೆಸರೇ ಆಯಿತು. ಆ ಮೇಲೆ ಅದನ್ನು ಉಡುಗೊರೆಗೆ ಬಳಸಲು ಯಾರಿಗೆ ಮನಸ್ಸು ಬರುತ್ತದೆ? ಹಳೆಯ ಅರ್ಥ ಬಿದ್ದುಹೋಯಿತು. ಜರ್ಮನ್ ಮಾತಿನ ಪ್ರಭಾವದಿಂದ ಈ ವಿಷದ ಅರ್ಥ ಸ್ಕ್ಯಾಂಡಿನೇವಿಯಾಕ್ಕೂ, ಅಂದರೆ ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಿಗೂ ಹಬ್ಬಿ, ಅಲ್ಲಿ ಮೊದಲೇ ಇದ್ದ ಮದುವೆಯ ಅರ್ಥದ ಪಕ್ಕದಲ್ಲಿ ಕುಳಿತಿತು.

ಇದಕ್ಕೆ ಇನ್ನೊಂದು ವಿವರಣೆಯೂ ಇದೆ. ಫ್ರಾನ್ಸ್‌ನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ 1924ರಲ್ಲಿ ಈ ಎರಡು ಅರ್ಥಗಳ ಬಗ್ಗೆಯೇ ಒಂದು ಪುಟ್ಟ ಲೇಖನ ಬರೆದರು. ಪ್ರಾಚೀನ ಜರ್ಮನಿಕ್ ಜನರಲ್ಲಿ ಕೊಡುಗೆ ಎಂದರೆ ಮುಖ್ಯವಾಗಿ ಪಾನೀಯ. ಬಟ್ಟಲಲ್ಲಿ ಇರುವುದು ಸ್ನೇಹವೋ ಸಾವೋ ಎಂಬ ಅಂಜಿಕೆ ಕುಡಿಯುವವನಿಗೆ ಇದ್ದೇ ಇರುತ್ತಿತ್ತು ಎಂಬುದು ಅವರ ವಾದ. ಪದದ ಚರಿತ್ರೆಯ ಮಟ್ಟಿಗೆ ಡೋಸಿಸ್‌ನ ದಾರಿಯೇ ಹೆಚ್ಚು ಗಟ್ಟಿ ಎಂದು ನನಗೆ ಅನ್ನಿಸುತ್ತದೆ, ಆದರೆ ಮಾಸ್ ಹೇಳಿದ ಅಂಜಿಕೆಯೂ ನಿಜವೇ.

ಇಲ್ಲಿ ಒಂದು ವಾಕ್ಯವನ್ನು ನೆನೆಯದೆ ಮುಂದೆ ಹೋಗಲಾರೆ. 1493ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ವೈದ್ಯ ಪ್ಯಾರಾಸೆಲ್ಸಸ್, ಮಂಗಳೂರು ಹಂಚಿನಿಂದ ನಮಗೆ ಪರಿಚಿತವಾದ ಬಾಸೆಲ್ ಮಿಷನ್ ಮುಂದೆ ಹುಟ್ಟಲಿದ್ದ ಬಾಸೆಲ್ ನಗರದಲ್ಲಿ 1527ರಲ್ಲಿ ನಗರ ವೈದ್ಯನಾಗಿದ್ದ. ಅವನು 1538ರಲ್ಲಿ ಜರ್ಮನ್‌ನಲ್ಲಿ ಬರೆದ ಮಾತು ಇಂದಿಗೂ ವಿಷಶಾಸ್ತ್ರದ ಮೊದಲ ಪಾಠ. ಎಲ್ಲವೂ ಗಿಫ್ಟೇ, ಗಿಫ್ಟ್ ಇಲ್ಲದ್ದು ಯಾವುದೂ ಇಲ್ಲ, ಒಂದು ವಸ್ತು ಗಿಫ್ಟ್ ಆಗದಂತೆ ಮಾಡುವುದು ಡೋಸಿಸ್ ಮಾತ್ರ ಎಂದು ಅದರ ತಾತ್ಪರ್ಯ. ‘ಅತಿಯಾದರೆ ಅಮೃತವೂ ವಿಷ’ ಎಂಬ ನಮ್ಮ ಗಾದೆಯೂ ಅದನ್ನೇ ಹೇಳುತ್ತದೆ. ಆ ವಾಕ್ಯದಲ್ಲಿ ಎದುರುಬದುರು ನಿಂತಿರುವ ಎರಡೂ ಪದಗಳು, ಒಂದು ಜರ್ಮನ್, ಒಂದು ಗ್ರೀಕ್, ಮೂಲದಲ್ಲಿ ‘ಕೊಡುವುದು’ ಎಂಬ ಒಂದೇ ಮಾತು.

ಇಂಗ್ಲಿಷಿನಲ್ಲಿ ಉಡುಗೊರೆಯೇ ಉಳಿದದ್ದು ಏಕೆ?

ಈಗ ಆ ಯಕಾರಕ್ಕೆ ಬರೋಣ. ಹಳೆಯ ಇಂಗ್ಲಿಷಿನಲ್ಲಿ ಈ ಪದದ ಉಚ್ಚಾರ ‘ಯಿಫ್ಟ್’ ಎಂದಿತ್ತು, ಅರ್ಥ ತೆರ ಅಥವಾ ಮದುವೆ. ಒಂಬತ್ತನೆಯ ಶತಮಾನದಿಂದ ಸ್ಕ್ಯಾಂಡಿನೇವಿಯಾದ ವೈಕಿಂಗರು ಇಂಗ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ ನೆಲೆಯೂರಿದರು. ಅವರ ಭಾಷೆಯಲ್ಲಿ ಅದೇ ಪದಕ್ಕೆ ಗಟ್ಟಿ ಗಕಾರವಿತ್ತು. ಕೊಡುಗೆ, ಅದೃಷ್ಟ ಎಂಬ ಅರ್ಥಗಳಿದ್ದವು. ನೆರೆಹೊರೆಯಾಗಿ ಬಾಳಿದ ಇಬ್ಬರ ಮಾತು ಬೆರೆತು, ವೈಕಿಂಗರ ಉಚ್ಚಾರವೂ ಅರ್ಥವೂ ಗೆದ್ದವು. ‘ಗಿವ್’ ಪದದ ಗಕಾರವೂ ಅವರದೇ ಕೊಡುಗೆ. ವೈಕಿಂಗರ ವಂಶದ ಸ್ವೀಡನ್ ಮತ್ತು ನಾರ್ವೆಯವರು ಮುಂದೆ ತಾವೇ ಆ ಗಕಾರವನ್ನು ಯಕಾರವಾಗಿ ಮೃದುಮಾಡಿಕೊಂಡರು.

ವಿಷದ ಅರ್ಥ ಇಂಗ್ಲಿಷಿಗೆ ಬರಲಿಲ್ಲ, ಏಕೆಂದರೆ ಆ ಜಾಗಕ್ಕೆ ಫ್ರೆಂಚ್‌ನಿಂದ ‘ಪಾಯ್ಸನ್’ ಬಂದು ಕುಳಿತಿತು. ಅದರ ಹುಟ್ಟು ಕೂಡ ಇಂಥದ್ದೇ. ಲ್ಯಾಟಿನ್‌ನ ‘ಪೋಟಿಯೋ’ ಎಂದರೆ ಪಾನೀಯ, ಕುಡಿಯಲು ಕೊಡುವುದು. ಅದು ಮೊದಲು ಔಷಧದ ಪಾನೀಯವಾಗಿ, ಆಮೇಲೆ ವಿಷದ ಪಾನೀಯವಾಗಿ, ಕೊನೆಗೆ ಬರೀ ವಿಷವಾಯಿತು. ಗ್ರೀಕ್‌ನ ‘ಫಾರ್ಮಕೋನ್’ ಪದ ಪ್ರಾಚೀನ ಕಾಲದಲ್ಲಿ ಔಷಧಕ್ಕೂ ವಿಷಕ್ಕೂ ಒಟ್ಟಿಗೆ ನಡೆಯುತ್ತಿತ್ತು. ನಮ್ಮ ಬೀದಿಯ ‘ಫಾರ್ಮಸಿ’ ಬಂದದ್ದು ಅದರಿಂದ. ಇಂದಿನ ಗ್ರೀಕರ ಮಾತಿನಲ್ಲಿ ‘ಫಾರ್ಮಾಕೊ’ ಔಷಧ, ‘ಫಾರ್ಮಾಕಿ’ ವಿಷ.

ಸುಳ್ಳು ಗೆಳೆಯರು

ನೋಡಲು ಪರಿಚಿತವೆನಿಸಿ ಅರ್ಥದಲ್ಲಿ ಕೈಕೊಡುವ ಇಂಥ ಪದಗಳಿಗೆ ಫ್ರೆಂಚರು ಇಟ್ಟ ಹೆಸರು ‘ಸುಳ್ಳು ಗೆಳೆಯರು’. ಇವನ್ನು ಹುಡುಕಿಕೊಂಡು ನಾವು ಯುರೋಪಿಗೆ ಹೋಗಬೇಕಾಗಿಲ್ಲ. ಕನ್ನಡದಲ್ಲಿ ಅವಸರ ಎಂದರೆ ಆತುರ, ತೆಲುಗಿನಲ್ಲಿ ಅಗತ್ಯ, ಹಿಂದಿಯಲ್ಲಿ ಅವಕಾಶ. ಹಿಂದಿಯ ಶಿಕ್ಷಾ ಶಿಕ್ಷಣ, ನಮ್ಮ ಶಿಕ್ಷೆ ದಂಡನೆ. ಮಲಯಾಳದಲ್ಲಿ ಸಂಸಾರ ಎಂದರೆ ಮಾತುಕತೆ. ಎಲ್ಲವೂ ಸಂಸ್ಕೃತದ ಒಂದೊಂದೇ ಪದದಿಂದ ಹೊರಟು ಬೇರೆ ಬೇರೆ ಮನೆ ಸೇರಿದವು. ಗಿಫ್ಟ್ ಕೂಡ ಈ ಬಗೆಯದು.

ಯುರೋಪಿನಲ್ಲಿ ಇರುವವರು ಗಮನಿಸಬೇಕಾದದ್ದು

ಮನೆ ಶುಚಿಗೊಳಿಸುವ ದ್ರವ, ಕೀಟನಾಶಕ, ಬಣ್ಣದ ಡಬ್ಬಗಳ ಮೇಲೆ ‘ಗಿಫ್ಟಿಗ್’ ಎಂದು ಕಂಡರೆ, ಅದು ಜರ್ಮನ್ ಆಗಿರಲಿ ಡಚ್ ಆಗಿರಲಿ ಸ್ವೀಡಿಷ್ ಆಗಿರಲಿ, ವಿಷಯುಕ್ತ ಎಂದೇ ಅರ್ಥ. ತೀವ್ರ ವಿಷಕ್ಕೆ ಯುರೋಪ್ ಒಕ್ಕೂಟದಲ್ಲಿ ಕೆಂಪು ಅಂಚಿನ ಬಿಳಿ ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ, ಒಳಗೆ ತಲೆಬುರುಡೆ ಮತ್ತು ಮೂಳೆಗಳ ಚಿತ್ರ ಹಾಕಿರುತ್ತಾರೆ. ಜರ್ಮನಿಯಲ್ಲಿ ‘ಗಿಫ್ಟ್‌ನೋಟ್‌ರೂಫ್’ ಎಂದರೆ ವಿಷ ಸೇವನೆಯಾದಾಗ ಸಲಹೆ ಕೊಡುವ ತುರ್ತು ದೂರವಾಣಿ ಸೇವೆ; ಡೆನ್ಮಾರ್ಕಿನಲ್ಲಿ ಅದೇ ‘ಗಿಫ್ಟ್‌ಲಿನ್ಯೆನ್’. ಚಿಕ್ಕ ಮಕ್ಕಳಿರುವ ಮನೆಯವರು ಈ ಪದವನ್ನು ಗುರುತಿಟ್ಟುಕೊಂಡು ಆ ಸಂಖ್ಯೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಕೊಳ್ಳುವುದು ಒಳ್ಳೆಯದು. ಪ್ರಾಣಾಪಾಯವಿದ್ದರೆ ಒಕ್ಕೂಟದ ಎಲ್ಲ ದೇಶಗಳಲ್ಲೂ ತುರ್ತು ಸಂಖ್ಯೆ 112.

ಉಡುಗೊರೆಗೆ ಡಚ್ಚರು ಸಾಮಾನ್ಯವಾಗಿ ‘ಕಡೋ’ ಎನ್ನುತ್ತಾರೆ, ಸ್ವೀಡನ್ನಿನವರು ‘ಪ್ರೆಸೆಂಟ್’, ಜರ್ಮನ್ನರು ‘ಗೆಶೆಂಕ್’. ಈ ಗೆಶೆಂಕ್‌ನ ಮೂಲದಲ್ಲಿ ‘ಕುಡಿಯಲು ಸುರಿದು ಕೊಡು’ ಎಂಬ ಅರ್ಥವಿದೆ. ಇಂಗ್ಲಿಷರಿಗೆ ಪಾನೀಯ ವಿಷವಾಯಿತು, ಕೊಟ್ಟದ್ದು ಉಡುಗೊರೆಯಾಯಿತು; ಜರ್ಮನ್ನರಿಗೆ ಪಾನೀಯ ಉಡುಗೊರೆಯಾಯಿತು, ಕೊಟ್ಟದ್ದು ವಿಷವಾಯಿತು.

ಮೊನ್ನೆ ಅಕ್ಕ ಮಗಳಿಗೆ ಹಲಸಿನ ಹಪ್ಪಳ ಕಳಿಸಲು ಅಂಚೆ ಕಚೇರಿಗೆ ಹೋಗಿದ್ದಳು. ವಿದೇಶಕ್ಕೆ ಹೋಗುವ ಪೊಟ್ಟಣದ ಸುಂಕದ ಚೀಟಿಯಲ್ಲಿ ‘ಗಿಫ್ಟ್’ ಎಂಬುದರ ಮುಂದೆ ಗುರುತು ಹಾಕಬೇಕು ಎಂದಾಗ ಅವಳ ಕೈ ತಡೆಯಿತಂತೆ. ಅಲ್ಲಿಂದಲೇ ನನಗೆ ಫೋನ್ ಮಾಡಿದಳು. ಅಂತರರಾಷ್ಟ್ರೀಯ ಅಂಚೆಯ ಅಧಿಕೃತ ಭಾಷೆ ಫ್ರೆಂಚ್ ಆದ್ದರಿಂದ ಪಕ್ಕದಲ್ಲೇ ‘ಕಡೋ’ ಎಂದೂ ಅಚ್ಚಾಗಿರುತ್ತದೆ, ಜರ್ಮನಿಯ ಸುಂಕದವರಿಗೆ ಅದು ತಿಳಿಯುತ್ತದೆ, ಧೈರ್ಯವಾಗಿ ಗುರುತು ಹಾಕು ಎಂದೆ. ಅವಳು ಗುರುತು ಹಾಕಿದಳು. ಆದರೂ ಇರಲಿ ಎಂದು, ಮಗಳಿಂದ ಅಕ್ಷರ ಕೇಳಿಕೊಂಡು, ಪೊಟ್ಟಣದ ಮೇಲೆ ಪೆನ್ನಿನಿಂದ ದೊಡ್ಡದಾಗಿ ‘ಗೆಶೆಂಕ್’ ಎಂದು ಬರೆದು ಕೊಟ್ಟಳು.